ಬೇಸಿಗೆ ರಜೆಯಲ್ಲಿ ಪುಟ್ಟ ಮಕ್ಕಳೊಂದಿಗೆ ಹಂಪಿ: ಬಿಸಿಲು ನೋಡಿ ಹಾಕಿದ ಲೆಕ್ಕ

ಹಂಪಿ ನೋಡಲು ಹೇಳಿ ಮಾಡಿಸಿದ ಕಾಲ ನವೆಂಬರ್‌ನಿಂದ ಫೆಬ್ರವರಿ. ಶಾಲೆಗೆ ರಜೆ ಕೊಡುವುದು ಮಾತ್ರ ಏಪ್ರಿಲ್ ಎರಡನೇ ವಾರದ ಹೊತ್ತಿಗೆ, ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಈ ನಡುವಿನ ದಿನಗಳಲ್ಲಿ ಹೊಸಪೇಟೆಯ ಸುತ್ತಮುತ್ತ ಮಧ್ಯಾಹ್ನದ ಬಿಸಿ ಸಾಮಾನ್ಯವಾಗಿ 38 ಡಿಗ್ರಿಯ ಆಸುಪಾಸು, 40 ದಾಟುವುದೂ ಉಂಟು. ಅದಕ್ಕೇ ಬಹಳಷ್ಟು ಮನೆಗಳಲ್ಲಿ ಹಂಪಿಯ ಮಾತು ಬಂದಾಗಲೆಲ್ಲ ‘ಮಕ್ಕಳು ದೊಡ್ಡವರಾಗಲಿ’ ಎಂದು ಮುಂದಕ್ಕೆ ಹೋಗುತ್ತದೆ. ಅಷ್ಟು ಹೆದರಬೇಕಿಲ್ಲ. ಮೂರರಿಂದ ಹತ್ತು ವರ್ಷದ ಮಕ್ಕಳನ್ನು ಮೇ ತಿಂಗಳಲ್ಲೂ ಕರೆದುಕೊಂಡು ಹೋಗಿ ಬರಬಹುದು. ಒಂದೇ ಷರತ್ತು: ಯಾವ ಜಾಗ ನೋಡಬೇಕು ಎನ್ನುವುದಕ್ಕಿಂತ ಮೊದಲು ಯಾವ ಹೊತ್ತಿನಲ್ಲಿ ಹೊರಗಿರಬೇಕು ಎನ್ನುವುದನ್ನು ಗಟ್ಟಿ ಮಾಡಿಕೊಳ್ಳಬೇಕು. ಒಂದು ವರ್ಷದೊಳಗಿನ ಕೂಸು ಇದ್ದರೆ ಮಾತ್ರ ಚಳಿಗಾಲದವರೆಗೆ ಕಾಯುವುದೇ ಸರಿ.

ಏಪ್ರಿಲ್ ಕೊನೆಯಲ್ಲಿ ಹಂಪಿಯಲ್ಲಿ ಸೂರ್ಯ ಹುಟ್ಟುವುದು ಆರರ ಆಸುಪಾಸು, ಮುಳುಗುವುದು ಆರೂ ಮುಕ್ಕಾಲಿನ ಒಳಗೆ. ಬೆಳಗ್ಗೆ ಆರರಿಂದ ಒಂಬತ್ತೂವರೆಯವರೆಗೆ ಒಂದು ಸರದಿ, ಸಂಜೆ ಐದರಿಂದ ಕತ್ತಲಾಗುವವರೆಗೆ ಇನ್ನೊಂದು. ಇವೆರಡೂ ಸಮ ಅಲ್ಲ. ಹಂಪಿ ಎಂದರೆ ಬಂಡೆಗಲ್ಲು. ಹಗಲೆಲ್ಲ ಕಾದ ಬಂಡೆ ಸಂಜೆ ಐದಕ್ಕೂ ಬಿಸಿ ಕಾರುತ್ತಲೇ ಇರುತ್ತದೆ, ರಾತ್ರಿಯೆಲ್ಲ ಬಿಟ್ಟು ಬಿಟ್ಟು ಆರುತ್ತದೆ. ನೆರಳಿನಲ್ಲಿ ನಿಂತರೂ ಕಾಲ ಕೆಳಗಿನಿಂದ, ಪಕ್ಕದ ಗೋಡೆಯಿಂದ ಝಳ ಬಡಿಯುತ್ತದೆ. ದೊಡ್ಡವರಿಗಿಂತ ನೆಲಕ್ಕೆ ಹತ್ತಿರ ಇರುವ ಮಕ್ಕಳಿಗೆ ಅದು ಇನ್ನೂ ಹೆಚ್ಚು ತಾಗುತ್ತದೆ. ಹಾಗಾಗಿ ಮುಖ್ಯವಾದದ್ದೆಲ್ಲ ಬೆಳಗಿನ ಸರದಿಗೆ. ಸಂಜೆಗೆ ಹಗುರವಾದ ಒಂದೇ ಒಂದು ಜಾಗ. ಹತ್ತರಿಂದ ನಾಲ್ಕೂವರೆಯವರೆಗೆ ಕೋಣೆಯೊಳಗೆ. ‘ಇಷ್ಟು ದೂರ ಬಂದು ಮಲಗುವುದೇ?’ ಎನ್ನುವ ಹಿರಿಯರು ಜೊತೆಗಿದ್ದರೆ ಹೊರಡುವ ಮುಂಚೆಯೇ ಅವರನ್ನು ಒಪ್ಪಿಸಿಕೊಂಡಿರಿ. ಸಾಮಾನ್ಯವಾಗಿ ಯೋಜನೆ ಮುರಿಯುವುದು ಅಲ್ಲೇ.

ಎಲ್ಲಿ ಉಳಿಯುವುದು

ಮಧ್ಯಾಹ್ನ ಕೋಣೆಗೆ ಮರಳುವುದೇ ಯೋಜನೆಯ ಬೆನ್ನೆಲುಬು ಆದ್ದರಿಂದ ಕೋಣೆ ಹತ್ತಿರ ಇರಬೇಕು. ಹೊಸಪೇಟೆಯಲ್ಲಿ ಹೋಟೆಲುಗಳು ಹೆಚ್ಚು, ಆಯ್ಕೆಯೂ ಹೆಚ್ಚು. ಆದರೆ ಹಂಪಿಗೆ ಅಲ್ಲಿಂದ 13 ಕಿಲೋಮೀಟರ್. ದಿನಕ್ಕೆ ಎರಡು ಸಲ ಹೋಗಿ ಬಂದರೆ ಐವತ್ತು ದಾಟುತ್ತದೆ. ಪುಟ್ಟ ಮಕ್ಕಳಿದ್ದರೆ ನನ್ನ ಮತ ಕಮಲಾಪುರಕ್ಕೆ. ರಾಜಾಂಗಣ (ಹಳೆಯ ಅರಮನೆಯ ಆವರಣ), ವಸ್ತುಸಂಗ್ರಹಾಲಯ ಎಲ್ಲ ಅಲ್ಲೇ ಬಗಲಿಗೆ, ವಿರೂಪಾಕ್ಷ ದೇವಸ್ಥಾನಕ್ಕೆ ನಾಲ್ಕೇ ಕಿಲೋಮೀಟರ್. ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇರುವುದೂ ಇಲ್ಲೇ. ದೇವಸ್ಥಾನದ ಮುಂದಿನ ಹಂಪಿ ಬಜಾರಿನ ಸಾಲಿನಲ್ಲಿ ಈಗ ವಸತಿ ಇಲ್ಲ, 2011-12ರಲ್ಲೇ ಅಲ್ಲಿಂದ ಎಲ್ಲರನ್ನೂ ಎಬ್ಬಿಸಲಾಯಿತು. ಪಕ್ಕದ ಜನತಾ ಪ್ಲಾಟಿನಲ್ಲಿ ಸಣ್ಣ ಗೆಸ್ಟ್‌ಹೌಸ್‌ಗಳಿವೆ. ನದಿಯಾಚೆ ಆನೆಗೊಂದಿ, ಸಾಣಾಪುರದ ಕಡೆ ಗದ್ದೆಗಳ ನಡುವೆ ಚೆಂದದ ಹೋಂಸ್ಟೇಗಳೂ ಇವೆ. ಆದರೆ ಅಲ್ಲಿಂದ ಈಚೆ ದಡಕ್ಕೆ ಬರಲು ಬುಕ್ಕಸಾಗರದ ಸೇತುವೆ ಸುತ್ತಿಕೊಂಡು ಬರಬೇಕು. ಬೆಳಗಿನ ತಂಪಿನ ಮುಕ್ಕಾಲು ಗಂಟೆ ದಾರಿಗೇ ಹೋಗುತ್ತದೆ.

ಕೋಣೆ ಕಾಯ್ದಿರಿಸುವಾಗ ಫೋನಿನಲ್ಲೇ ಕೇಳಬೇಕಾದ ಮೂರು ಪ್ರಶ್ನೆಗಳಿವೆ. ಕೋಣೆ ಯಾವ ಮಹಡಿಯಲ್ಲಿದೆ? ಮೇಲಿನ ಮಹಡಿಯಾದರೆ ಬೇಡ ಎನ್ನಿ. ತಾರಸಿಯ ಸ್ಲ್ಯಾಬ್ ಕಾದು ರಾತ್ರಿ ಹನ್ನೊಂದಾದರೂ ಬಿಸಿ ಇಳಿಸುತ್ತಿರುತ್ತದೆ, ಎ.ಸಿ. ಎಷ್ಟು ಓಡಿದರೂ ತಂಪಾಗುವುದಿಲ್ಲ. ಕರೆಂಟು ಹೋದರೆ ಎ.ಸಿ. ನಡೆಯುತ್ತದೆಯೇ? ‘ಬ್ಯಾಕಪ್ ಇದೆ’ ಎಂದರೆ ಸಾಲದು. ಎಷ್ಟೋ ಕಡೆ ಅದರಲ್ಲಿ ಫ್ಯಾನು, ಲೈಟು ಮಾತ್ರ. ಮೂರನೆಯದು, ಬೆಳಗ್ಗೆ ಐದೂವರೆಗೆ ಕಾಯಿಸಿದ ಹಾಲು, ಬಿಸಿನೀರು ಸಿಗುತ್ತದೆಯೇ? ತಿಂಡಿ ಏಳೂವರೆಗೆ ಶುರು ಎನ್ನುವ ಕಡೆ ನಿಮ್ಮ ತಿಂಡಿ ನೀವೇ ನೋಡಿಕೊಳ್ಳಬೇಕು. ಈಜುಕೊಳ ಇರುವ ಕಡೆ ಕೋಣೆ ಸಿಕ್ಕಿದರೆ ಬಿಡಬೇಡಿ. ಮಕ್ಕಳ ಮಟ್ಟಿಗೆ ಮಧ್ಯಾಹ್ನದ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಕೊಳಕ್ಕೆ ನೆರಳಿಲ್ಲದಿದ್ದರೆ ಹನ್ನೆರಡರಿಂದ ಮೂರೂವರೆ ಅಲ್ಲೂ ಬೇಡ.

ಹೋಗುವ ದಾರಿ

ಬೆಂಗಳೂರು, ಮೈಸೂರಿನವರಿಗೆ ಹಂಪಿ ಎಕ್ಸ್‌ಪ್ರೆಸ್ಸನ್ನು ಮೀರಿಸುವುದು ಇನ್ನೊಂದಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಬೆಂಗಳೂರು ಬಿಟ್ಟು ಬೆಳಗ್ಗೆ ಏಳರ ಸುಮಾರಿಗೆ ಹೊಸಪೇಟೆಗೆ ಮುಟ್ಟಿಸುತ್ತದೆ. ಮಕ್ಕಳು ಮಲಗಿದ್ದಲ್ಲೇ ಊರು ಬಂದಿರುತ್ತದೆ. ಟಿಕೆಟ್ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ (2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು). ರಜೆಯ ಶುಕ್ರವಾರ ರಾತ್ರಿಯ ಬರ್ತ್ ಬೇಕಿದ್ದರೆ ತೆರೆದ ದಿನವೇ ಕೂರಬೇಕು. ಐದು ವರ್ಷದೊಳಗಿನವರಿಗೆ ಬರ್ತ್ ಬೇಡವಾದರೆ ಟಿಕೆಟ್ಟೇ ಬೇಡ. ಐದು ತುಂಬಿ ಹನ್ನೆರಡು ತುಂಬದವರಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ಅರ್ಧ ದರ ಉಳಿಸಲು ಹೋಗಿ ಏಳು ವರ್ಷದ ಮಗುವಿನ ಜೊತೆ ಒಂದೇ ಬರ್ತಿನಲ್ಲಿ ರಾತ್ರಿ ಕಳೆದರೆ ಮಾರನೆಯ ದಿನ ಇಬ್ಬರಿಗೂ ಹಂಪಿ ಬೇಡವಾಗುತ್ತದೆ. ಬೇಸಿಗೆಯಲ್ಲಿ ಸ್ಲೀಪರ್ ಬೋಗಿಗಿಂತ ಮೂರನೇ ದರ್ಜೆಯ ಎ.ಸಿ. ಮೇಲು, ಮಕ್ಕಳಿಗೊಂದು ಹೊದಿಕೆ ಮಾತ್ರ ಇರಲಿ. ರೈಲು ಬೆಳಗ್ಗೆ ಮುಟ್ಟಿಸುತ್ತದೆ, ಹೋಟೆಲಿನ ಚೆಕ್-ಇನ್ ಹೆಚ್ಚಿನ ಕಡೆ ಹನ್ನೆರಡಕ್ಕೆ. ಬೇಗ ಕೋಣೆ ಕೊಡಲು ಮೊದಲೇ ಒಪ್ಪಿಸಿ. ಅರ್ಧ ದಿನದ ಬಾಡಿಗೆ ಹೆಚ್ಚು ಕೇಳಿದರೂ ಕೊಡುವುದು ಲಾಭ.

ಕಾರಿನಲ್ಲಾದರೆ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿ ಮೇಲೆ ಸುಮಾರು 340 ಕಿಲೋಮೀಟರ್. ಬೆಳಗ್ಗೆ ಐದಕ್ಕೆ ಬಿಟ್ಟರೆ ಹಿರಿಯೂರಿನ ಸುತ್ತ ತಿಂಡಿ, ಹನ್ನೆರಡರೊಳಗೆ ಕೋಣೆ. ಚಿತ್ರದುರ್ಗ ಬರುವಾಗ ‘ಹೇಗೂ ದಾರಿಯಲ್ಲೇ ಇದೆ, ಕೋಟೆ ನೋಡಿಬಿಡೋಣ’ ಎನ್ನುವ ಆಸೆ ಹುಟ್ಟುತ್ತದೆ. ಬೆಳಗಿನ ಒಂಬತ್ತೂವರೆಗೆ ಆ ಮೆಟ್ಟಿಲುಗಳನ್ನು ಹತ್ತಿಸಿದರೆ ಮಕ್ಕಳ ಮೂರು ದಿನದ ಉತ್ಸಾಹ ಅಲ್ಲೇ ತೀರುತ್ತದೆ. ಕೋಟೆಗೆ ಇನ್ನೊಂದು ಪ್ರವಾಸ ಇಟ್ಟುಕೊಳ್ಳಿ. ಹಂಪಿಯಲ್ಲಿ ಗಾಡಿ ನಿಲ್ಲಿಸುವಾಗ ನೆರಳು ಇದೆಯೆಂದು ಮಗುವನ್ನು ಒಳಗೆ ಮಲಗಿಸಿ ಐದು ನಿಮಿಷಕ್ಕೂ ಹೋಗಬಾರದು. ಮುಚ್ಚಿದ ಕಾರಿನ ಒಳಗಿನ ಬಿಸಿ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿ ಏರುತ್ತದೆ.

ರೈಲಿನಲ್ಲಿ ಬಂದವರು ಆಟೊ ಗೊತ್ತು ಮಾಡುವಾಗ ‘ಇಡೀ ದಿನಕ್ಕೆ ಎಷ್ಟು’ ಎಂದು ಕೇಳಬೇಡಿ. ಆ ಮಾತಿಗೆ ಸಿಗುವುದು ಒಂಬತ್ತಕ್ಕೆ ಹೊರಟು ಐದಕ್ಕೆ ಮುಗಿಸುವ ಸುತ್ತು. ಅದರಲ್ಲಿ ವಿಠ್ಠಲ ದೇವಸ್ಥಾನದ ಪಾಲಿಗೆ ಬರುವುದು ನಡುಮಧ್ಯಾಹ್ನ. ‘ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಏಳು, ನಡುವೆ ನೀವು ಬೇರೆ ಬಾಡಿಗೆ ಹೊಡೆಯಬಹುದು’ ಎಂದು ಬಿಡಿಸಿ ಹೇಳಿ ದರ ಕೇಳಿ. ಚಾಲಕರಿಗೂ ಇದು ಅನುಕೂಲ.

ಯಾವ ಹೊತ್ತಿಗೆ ಯಾವ ಜಾಗ

ಬೇಸಿಗೆಯಲ್ಲಿ ಹಂಪಿ ಒಡ್ಡುವ ತೊಡಕು ಇದು: ಟಿಕೆಟ್ ಇರುವ ಎರಡು ಮುಖ್ಯ ಜಾಗಗಳಾದ ವಿಜಯ ವಿಠ್ಠಲ ದೇವಸ್ಥಾನ ಹಾಗೂ ಕಮಲ ಮಹಲ್-ಆನೆಲಾಯದ ಆವರಣ, ಇವುಗಳ ಕೌಂಟರ್ ತೆರೆಯುವುದು ಸಾಮಾನ್ಯವಾಗಿ ಬೆಳಗ್ಗೆ ಎಂಟೂವರೆಯ ಹೊತ್ತಿಗೆ. ಮುಚ್ಚುವುದು ಸಂಜೆ ಐದು-ಐದೂವರೆಗೆ. ಅಂದರೆ ತಂಪು ಹೊತ್ತಿನಲ್ಲಿ ಎರಡಕ್ಕೂ ಬೀಗ. ಸಮಯ ಆಗೀಗ ಬದಲಾಗುವುದರಿಂದ ಹಿಂದಿನ ರಾತ್ರಿಯೇ ಲಾಡ್ಜಿನಲ್ಲಿ ವಿಚಾರಿಸಿಕೊಳ್ಳಿ. ವಯಸ್ಕರಿಗೆ ಟಿಕೆಟ್ ₹40, ಹದಿನೈದು ವರ್ಷದೊಳಗಿನವರಿಗೆ ಉಚಿತ. ಒಂದು ಕಡೆ ತೆಗೆದ ಟಿಕೆಟ್ ಅದೇ ದಿನ ಇನ್ನೊಂದು ಕಡೆಗೂ ನಡೆಯುತ್ತದೆ ಎಂಬ ಕಾರಣಕ್ಕೆ ಜನ ಎರಡನ್ನೂ ಒಂದೇ ದಿನಕ್ಕೆ ತುರುಕುತ್ತಾರೆ. ಒಂದು ಹೇಗೂ ಸುಡುಬಿಸಿಲಿಗೆ ಬೀಳುತ್ತದೆ. ಗಂಡ ಹೆಂಡತಿ ಇಬ್ಬರ ಮೇಲೆ ಉಳಿಯುವುದು ಎಂಬತ್ತು ರೂಪಾಯಿ. ಅಷ್ಟನ್ನು ಎರಡನೇ ಸಲ ಕೊಟ್ಟು ಎರಡೂ ಜಾಗವನ್ನು ಎರಡು ಬೇರೆ ಬೇರೆ ಬೆಳಗಿಗೆ, ಬಾಗಿಲು ತೆರೆದ ಕೂಡಲೇ ಇಟ್ಟುಕೊಳ್ಳಿ. ಅದಕ್ಕೆ ಮುಂಚಿನ ಎರಡು ಗಂಟೆಗೆ ಪಕ್ಕದಲ್ಲಿರುವ, ಟಿಕೆಟ್ ಬೇಡದ ಬಯಲು ಜಾಗಗಳು. ಈ ಲೆಕ್ಕಕ್ಕೆ ಎರಡು ರಾತ್ರಿ ಬೇಕು. ಒಂದೇ ರಾತ್ರಿಯಲ್ಲಿ ಮುಗಿಸುತ್ತೇವೆ ಎನ್ನುವವರು ಒಂದು ಜಾಗ ಬಿಟ್ಟುಬಿಡುವುದು ಒಳ್ಳೆಯದು.

ಮೊದಲ ದಿನ ರೈಲಿಳಿದು ಸ್ನಾನ ತಿಂಡಿ ಆದ ಮೇಲೆ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯ. ನಡುವಿನ ಅಂಗಳದಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ: ನದಿ, ಬೆಟ್ಟ, ದೇವಸ್ಥಾನ, ಕೋಟೆ ಎಲ್ಲ. ಮಕ್ಕಳಿಗೆ ಮುಂದಿನ ಎರಡು ದಿನದ ನಕ್ಷೆ ಇದೇ. ನಾವು ಉಳಿದಿರುವುದು ಎಲ್ಲಿ, ನಾಳೆ ಹೋಗುವುದು ಎಲ್ಲಿ ಎಂದು ಬೆರಳು ಮಾಡಿ ತೋರಿಸಿ. ಮುಕ್ಕಾಲು ಗಂಟೆ ಸಾಕು. ಶುಕ್ರವಾರ ಇದಕ್ಕೆ ರಜೆ, ಆದ್ದರಿಂದ ಗುರುವಾರ ರಾತ್ರಿ ರೈಲು ಹತ್ತುವವರು ಮಾದರಿಯನ್ನು ಮುಂದಿನ ದಿನಕ್ಕೆ ಹಾಕಿಕೊಳ್ಳಬೇಕು.

ಅಂದು ಸಂಜೆ ಐದಕ್ಕೆ ವಿರೂಪಾಕ್ಷ. ಪೂಜೆ ನಡೆಯುವ ದೇವಸ್ಥಾನವಾದ್ದರಿಂದ ಹೊರಗೇ ಚಪ್ಪಲಿ ಬಿಡಬೇಕು. ಕಲ್ಲು ಹಾಸು ಆಗಲೂ ಕಾದಿರುತ್ತದೆ, ಮಕ್ಕಳ ಅಂಗಾಲು ಸುಟ್ಟು ಅಲ್ಲೇ ಅಳು ಶುರು. ದಪ್ಪ ಹತ್ತಿಯ ಸಾಕ್ಸ್ ತಲಾ ಎರಡು ಜೊತೆ ಇರಲಿ. ಇಡೀ ಪ್ರವಾಸದ ಸಾಮಾನಿನಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ. ಒಳಗೆ ಮಕ್ಕಳು ಮರೆಯದ ಸಂಗತಿ, ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ರಾಜಗೋಪುರದ ನೆರಳು. ಗೋಡೆಯ ಸಣ್ಣ ಕಿಂಡಿಯೇ ಕ್ಯಾಮೆರಾದ ಕೆಲಸ ಮಾಡುತ್ತದೆ. ಹೊರಗೆ ಬೆಳಕಿರುವಾಗಲೇ ನೋಡಬೇಕಾದ್ದರಿಂದ ಮೊದಲು ಅದು, ಆಮೇಲೆ ದರ್ಶನ. ಅಲ್ಲಿಂದ ಪಕ್ಕದ ಹೇಮಕೂಟ. ಸೂರ್ಯಾಸ್ತಕ್ಕೆ ಎಲ್ಲರೂ ಮಾತಂಗ ಬೆಟ್ಟ ಎನ್ನುತ್ತಾರೆ. ಅದರ ಮೆಟ್ಟಿಲು ಕಡಿದು, ಇಳಿಯುವಾಗ ಕತ್ತಲು. ಹೇಮಕೂಟದ್ದು ಅಗಲವಾದ ಇಳಿಜಾರು ಬಂಡೆ, ನಾಲ್ಕು ವರ್ಷದ ಮಗುವೂ ತಾನೇ ಹತ್ತುತ್ತದೆ. ಹಿಂದಿರುಗುವಾಗ ಸಾಸಿವೆಕಾಳು ಗಣೇಶನ ಕಡೆಯಿಂದ ಇಳಿದರೆ ಆಟೊ ಅಲ್ಲೇ ಕಾಯಬಹುದು.

ಎರಡನೇ ದಿನ ಬೆಳಗ್ಗೆ ಆರೂಕಾಲಿಗೆ ಮಹಾನವಮಿ ದಿಬ್ಬ. ಮಕ್ಕಳ ಪಾಲಿಗೆ ಹಂಪಿಯ ಅತ್ಯುತ್ತಮ ಜಾಗ ಇದೇ ಎಂಬುದು ನನ್ನ ಪಕ್ಷಪಾತ. ಕಲ್ಲಿನ ರಥದ ಮುಂದೆ ‘ಮುಟ್ಟಬೇಡ’ ಎನ್ನುವುದೇ ಆಗುತ್ತದೆ, ಇಲ್ಲಿ ಓಡಾಡಲು ಬಯಲಿದೆ. ದಿಬ್ಬದ ಪಕ್ಕದ ಗೋಡೆಗಳಲ್ಲಿ ಆನೆ, ಕುದುರೆ, ಒಂಟೆ, ಬೇಟೆ, ಕುಣಿತ, ಬೇರೆ ದೇಶದಿಂದ ಬಂದವರ ವೇಷ, ಎಲ್ಲ ಕೆತ್ತಿದ್ದಾರೆ. ‘ಒಂಟೆ ಮೊದಲು ಯಾರು ಹುಡುಕುತ್ತೀರಿ?’ ಎಂದು ಬಿಟ್ಟರೆ ಅರ್ಧ ಗಂಟೆ ನಿಮಗೆ ಬಿಡುವು. ದಿಬ್ಬದ ಎತ್ತರ ಸುಮಾರು ಎಂಟು ಮೀಟರ್, ಮೇಲೆ ಸುತ್ತ ಕಟಕಟೆ ಇಲ್ಲ. ಅಲ್ಲಿ ಮಾತ್ರ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದೊಡ್ಡವರ ಕೈ. ಸ್ವಲ್ಪ ದೂರಕ್ಕೆ 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿ. ಬೇರೆ ಕಡೆ ಕಡಿದು ತಂದ ಕರಿಕಲ್ಲನ್ನು ಇಲ್ಲಿ ಜೋಡಿಸಿದ್ದು. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂಬ ಗುರುತುಗಳು ಇನ್ನೂ ಕಲ್ಲಿನ ಮೇಲಿವೆ. ಬ್ಲಾಕ್ ಜೋಡಿಸಿ ಆಡುವ ವಯಸ್ಸಿನವರಿಗೆ ಈ ಒಂದು ಮಾತು ಸಾಕು. ಕೆಳಗಿಳಿಯಲು ಬಿಡುವುದಿಲ್ಲ, ಮೇಲಿಂದಲೇ ನೋಡಬೇಕು. ಕೊಳಗಳಿಗೆ ನೀರು ತರುತ್ತಿದ್ದ ಕಲ್ಲಿನ ತೂಬುಗಾಲುವೆಯನ್ನು ಹಿಡಿದು ನಡೆದರೆ ನೀರು ಎತ್ತ ಹೋಗುತ್ತಿತ್ತು ಎಂದು ಅವರೇ ಕಂಡುಹಿಡಿಯುತ್ತಾರೆ. ಹತ್ತಿರದ ನೆಲಮಾಳಿಗೆಯ ಕತ್ತಲ ಕೋಣೆಗೆ ಒಂದು ಸಣ್ಣ ಟಾರ್ಚ್ ಇರಲಿ.

ಏಳೂವರೆಗೆ ಹಜಾರರಾಮ ದೇವಸ್ಥಾನ. ಪ್ರಾಕಾರದ ಹೊರಗೋಡೆಯಲ್ಲಿ ಮೆರವಣಿಗೆಯ ಸಾಲುಗಳು. ತೀರ ಕೆಳಗಿನದು ಆನೆಗಳದ್ದು, ಪುಟ್ಟವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ಒಳಗಿನ ಗೋಡೆಯ ಮೇಲೆ ರಾಮಾಯಣ ಚಿತ್ರಕಥೆಯ ಹಾಗೆ ಸಾಲು ಸಾಲಾಗಿ ಬರುತ್ತದೆ. ಹೊರಡುವ ಮುಂಚಿನ ವಾರ ಮನೆಯಲ್ಲಿ ರಾಮಾಯಣದ ಕಥೆ ಒಂದು ಸುತ್ತು ಆಗಿರಲಿ, ಕಿಷ್ಕಿಂಧೆಯ ಭಾಗ ಸ್ವಲ್ಪ ಹೆಚ್ಚೇ ಇರಲಿ. ಈ ಬೆಟ್ಟಗಳೇ ವಾಲಿ ಸುಗ್ರೀವರ ಊರು ಎನ್ನುವುದು ಇಲ್ಲಿನ ನಂಬಿಕೆ. ಕಥೆ ಗೊತ್ತಿರುವ ಮಗು ಗೋಡೆಯನ್ನು ತಾನೇ ಓದಿಕೊಂಡು ಹೋಗುತ್ತದೆ. ಗೊತ್ತಿಲ್ಲದ ಮಗುವಿಗೆ ಅದು ಬರೀ ಕಲ್ಲು. 1336, 1565 ಎಂಬ ಇಸವಿಗಳನ್ನು ಆರು ವರ್ಷದವರಿಗೆ ಹೇಳಿ ಪ್ರಯೋಜನವಿಲ್ಲ. ಕೃಷ್ಣದೇವರಾಯ ಯಾರೆಂದರೆ ತೆನಾಲಿ ರಾಮಕೃಷ್ಣನ ರಾಜ ಎಂದರೆ ಸಾಕು.

ಎಂಟೂವರೆಗೆ ಕಮಲ ಮಹಲಿನ ಬಾಗಿಲು. ಮಹಲಿನ ಒಳಗೆ ಬಿಡುವುದಿಲ್ಲ, ಸುತ್ತಿ ನೋಡಿ ಮುಂದಕ್ಕೆ. ಆನೆಲಾಯದಲ್ಲಿ ಹನ್ನೊಂದು ಅಂಕಣ, ಮೇಲಿನ ಗುಮ್ಮಟಗಳಲ್ಲಿ ಎಲ್ಲವೂ ಒಂದೇ ಥರ ಇಲ್ಲ. ನಡುವಿನಿಂದ ಎಣಿಸುತ್ತಾ ಹೋದರೆ ಎಡಬಲ ಹೇಗೆ ಜೋಡಿಯಾಗುತ್ತವೆ ಎಂದು ತಿಳಿಯುತ್ತದೆ. ಹತ್ತಕ್ಕೆ ಮುಂಚೆ ಕೋಣೆ. ಮರಳುವ ದಾರಿಯಲ್ಲಿ ಸಿಗುವ ರಾಣಿಯರ ಸ್ನಾನಗೃಹಕ್ಕೆ ಇಳಿಯುವ ಆಸೆಯಾದರೆ ಗಡಿಯಾರ ನೋಡಿ.

ಸಂಜೆಗೆ ಮಾಲ್ಯವಂತ ರಘುನಾಥ ದೇವಸ್ಥಾನ. ಗಾಡಿ ಮೇಲಿನವರೆಗೂ ಹೋಗುತ್ತದೆ, ಹಿಂಬದಿಯ ಬಂಡೆಯಿಂದ ಸೂರ್ಯಾಸ್ತ ಕಾಣುತ್ತದೆ, ಗಾಳಿಯೂ ಇರುತ್ತದೆ. ದರೋಜಿಯ ಕರಡಿಧಾಮವೂ ಸಂಜೆಯ ಜಾಗವೇ. ಆದರೆ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕಾದು ಕುಳಿತುಕೊಳ್ಳಬೇಕು, ಕರಡಿಗಳು ದೂರದ ಬಂಡೆಗಳ ಮೇಲೆ ಕಾಣುವುದರಿಂದ ಬೈನಾಕ್ಯುಲರ್ ಇಲ್ಲದೆ ಹೋಗಿ ಫಲವಿಲ್ಲ. ಏಳು ದಾಟಿದ, ಸಹನೆ ಇರುವ ಮಕ್ಕಳಿದ್ದರೆ ಸೈ.

ಮೂರನೇ ದಿನ ಬೆಳಗ್ಗೆ ಉಗ್ರನರಸಿಂಹ ಮತ್ತು ಬಡವಿಲಿಂಗ. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ, 6.7 ಮೀಟರ್ ಎತ್ತರದ ಒಂದೇ ಕಲ್ಲಿನ ನರಸಿಂಹನ ಕಣ್ಣು ನೋಡಿ ಮಕ್ಕಳು ಒಂದು ಕ್ಷಣ ಬೆಚ್ಚಿ ಆಮೇಲೆ ಅದೇ ಮುಖ ಮಾಡಿ ತೋರಿಸುತ್ತಾರೆ. ಪಕ್ಕದಲ್ಲೇ ನೀರಿನಲ್ಲಿ ನಿಂತ ಮೂರು ಮೀಟರಿನ ಲಿಂಗ. ಎರಡಕ್ಕೂ ಸೇರಿ ಅರ್ಧ ಗಂಟೆ. ಅಲ್ಲಿಂದ ಎಂಟೂಕಾಲಿಗೆ ವಿಠ್ಠಲ ದೇವಸ್ಥಾನದ ನಿಲುಗಡೆಯಲ್ಲಿರಿ. ಗಾಡಿಗಳನ್ನು ಸುಮಾರು ಒಂದು ಕಿಲೋಮೀಟರ್ ದೂರದಲ್ಲೇ ನಿಲ್ಲಿಸುತ್ತಾರೆ, ಮುಂದೆ ಬ್ಯಾಟರಿ ವಾಹನ. ಭಾನುವಾರ ಹತ್ತರ ಮೇಲೆ ಅದಕ್ಕೆ ಬಿಸಿಲಲ್ಲೇ ಸಾಲು, ಮೊದಲ ವಾಹನಕ್ಕೆ ಹೋದವರಿಗೆ ಅದು ತಪ್ಪುತ್ತದೆ. ಮಕ್ಕಳ ಕೈಗೆ ಐವತ್ತು ರೂಪಾಯಿಯ ನೀಲಿ ನೋಟು ಕೊಟ್ಟು, ಅದರ ಹಿಂಬದಿಯಲ್ಲಿರುವ ರಥವನ್ನು ಎದುರಿನ ರಥಕ್ಕೆ ಹೋಲಿಸಲು ಹೇಳಿ. ಹತ್ತಿರದಿಂದ ನೋಡಿದರೆ ಈಗಿರುವ ಆನೆಗಳ ಹಿಂದೆ ಕುದುರೆಯ ಹಿಂಗಾಲಿನ ಗುರುತು ಕಾಣುತ್ತದೆ. ಮೊದಲು ಅಲ್ಲಿದ್ದದ್ದು ಕುದುರೆಗಳು. ರಥದ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು, 1856ರ ಹಳೆಯ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಆ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಹೋದರೆ ‘ಏನು ಕಳೆದುಹೋಗಿದೆ ಹೇಳು’ ಆಟಕ್ಕೆ ಆಗುತ್ತದೆ. ಸಂಗೀತದ ಕಂಬಗಳನ್ನು ಬಡಿಯುವಂತಿಲ್ಲ, ಅದನ್ನು ದಾರಿಯಲ್ಲೇ ಹೇಳಿಟ್ಟಿರಿ.

ಬಿಟ್ಟುಬಿಡಬೇಕಾದದ್ದು: 575 ಮೆಟ್ಟಿಲಿನ ಅಂಜನಾದ್ರಿ, ಮಾತಂಗ, ನದಿಯಂಚಿನಲ್ಲಿ ವಿಠ್ಠಲದವರೆಗಿನ ಕಾಲುದಾರಿ. ಹರಿಗೋಲು ಮಕ್ಕಳಿಗೆ ಬಲು ಇಷ್ಟ, ಆದರೆ ಅವರ ಅಳತೆಯ ಲೈಫ್ ಜಾಕೆಟ್ ಸಿಕ್ಕರೆ ಮಾತ್ರ. ದೊಡ್ಡವರ ಜಾಕೆಟ್ಟು ನೀರಿಗೆ ಬಿದ್ದ ಕೂಡಲೇ ಮಗುವಿನ ತಲೆಯ ಮೇಲಿಂದ ಜಾರಿ ಬರುತ್ತದೆ. ತುಂಗಭದ್ರೆಯಲ್ಲಿ ಬೇಸಿಗೆಗೆ ನೀರು ಕಡಿಮೆ ಕಂಡರೂ ಬಂಡೆಗಳ ನಡುವೆ ಮಡು, ಸೆಳೆತ ಎರಡೂ ಇವೆ. ಪಾದ ನೆನೆಸುವುದಕ್ಕಿಂತ ಮುಂದೆ ಹೋಗಬೇಡಿ.

ನೀರು, ಬಿಸಿಲು, ಹೊಟ್ಟೆ

ನಾಲ್ಕು ಜನರ ಮನೆಗೆ ಒಂದು ಬೆಳಗಿನ ಸರದಿಗೆ ನಾಲ್ಕೈದು ಲೀಟರ್ ನೀರು ಬೇಕು. ಎರಡು ಬಾಟಲಿಗೆ ಅರ್ಧ ನೀರು ತುಂಬಿ ರಾತ್ರಿ ಹೋಟೆಲಿನ ಫ್ರೀಜರಿನಲ್ಲಿ ಮಲಗಿಸಿಟ್ಟು, ಬೆಳಗ್ಗೆ ಮೇಲೆ ನೀರು ತುಂಬಿಸಿಕೊಂಡರೆ ಒಂಬತ್ತರವರೆಗೂ ತಣ್ಣಗಿರುತ್ತದೆ. ಬಾಯಾರಿಕೆ ಎಂದು ಮಗು ಹೇಳುವವರೆಗೆ ಕಾಯಬೇಡಿ, ಆಟದಲ್ಲಿ ಅದಕ್ಕೆ ನೆನಪೇ ಆಗದು. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಸಾಕಷ್ಟು ಕುಡಿದಿದೆಯೇ ಎಂದು ತಿಳಿಯಲು ಮೂತ್ರವೇ ಗುರುತು. ಬಣ್ಣ ಗಾಢವಾಗಿದ್ದರೆ, ನಾಲ್ಕೈದು ಗಂಟೆ ಹೋಗದೇ ಇದ್ದರೆ ಅಂದಿನ ಸಂಜೆಯ ಸುತ್ತು ರದ್ದು. ಶೌಚಾಲಯ ಟಿಕೆಟ್ ಕೌಂಟರ್ ಇರುವ ಕಡೆ ಸಿಗುತ್ತದೆ, ನಡುವಿನ ಬಯಲಿನಲ್ಲಿ ಇಲ್ಲ. ಅಲ್ಲಿ ಹೋಗಬೇಕಾಗುತ್ತದೆಂದು ನೀರು ಕಡಿಮೆ ಕುಡಿಸುವವರಿದ್ದಾರೆ, ಅದು ತಪ್ಪು.

ಒಆರ್‌ಎಸ್ ಪುಡಿಯ ಪ್ಯಾಕೆಟ್ ಆರೇಳು ಇರಲಿ. ಮೇಲೆ ಡಬ್ಲ್ಯೂಎಚ್‌ಓ ಸೂತ್ರ ಎಂದು ಬರೆದಿರಬೇಕು, ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರಿಗೆ. ಒಂದು ಲೋಟಕ್ಕೆ ಅಂದಾಜಿನ ಮೇಲೆ ಉದುರಿಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆಯಾಗುತ್ತದೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಟೆಟ್ರಾಪ್ಯಾಕಿನ ಸಿಹಿ ಪಾನೀಯಗಳು ಇದರ ಬದಲಿಗೆ ಅಲ್ಲ. ಎಳನೀರು ಒಳ್ಳೆಯದು, ಎಲ್ಲ ಕಡೆ ಸಿಗುತ್ತದೆ. ಕಬ್ಬಿನ ಹಾಲು ಕುಡಿಸುವುದಾದರೆ ಐಸ್ ಹಾಕಿಸಬೇಡಿ.

ಬಟ್ಟೆ ತೋಳು ತುಂಬುವ ತೆಳು ಹತ್ತಿಯದು. ಮುಂದೆ ಮಾತ್ರ ಚುಂಚಿರುವ ಟೋಪಿ ಕತ್ತನ್ನು ಕಾಯುವುದಿಲ್ಲ, ಸುತ್ತ ಅಂಚಿರುವ ಟೋಪಿ ಬೇಕು. ಒದ್ದೆ ಟವೆಲ್ ಕತ್ತಿನ ಸುತ್ತ ಹಾಕಿ. ತಳ್ಳುಗಾಡಿ ಮರಳಿನಲ್ಲೂ ಮೆಟ್ಟಿಲಿನಲ್ಲೂ ಹೊರೆಯೇ. ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಮಗುವಿನ ಬಿಸಿ, ನಿಮ್ಮ ಬಿಸಿ ಸೇರಿಕೊಳ್ಳುವುದರಿಂದ ಎಂಟರ ಮೇಲೆ ಅದನ್ನು ಬಿಚ್ಚಿ ಕೈಯಲ್ಲೇ ಎತ್ತಿಕೊಳ್ಳಿ.

ಮಗು ಮಂಕಾದರೆ, ತಲೆನೋವು, ವಾಂತಿ ಎಂದರೆ ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ ನೀರು ಕುಡಿಸಿ. ಮೈ ಕೆಂಡವಾಗಿ, ಮಾತು ತೊದಲಿ, ಕರೆದರೆ ಸರಿಯಾಗಿ ಓಗೊಡದಿದ್ದರೆ ಅದು ಬಿಸಿಲಾಘಾತ. ಮೈತುಂಬ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಎಚ್ಚರ ಸರಿಯಿಲ್ಲದಾಗ ಬಾಯಿಗೆ ನೀರು ಹಾಕಬಾರದು. ಜ್ವರದ ಸಿರಪ್ಪಿಗೆ ಈ ಬಿಸಿ ಇಳಿಯುವುದಿಲ್ಲ.

ಬೆಳಗಿನ ತಿಂಡಿಗೆ ಮನೆಯಿಂದ ಹುರಿಹಿಟ್ಟು, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಮಿಶ್ರಣ ಒಯ್ಯಿರಿ. ಮೊಸರನ್ನ ಕಟ್ಟಿಸಿಕೊಂಡರೆ ಒಂಬತ್ತರೊಳಗೆ ಖಾಲಿಯಾಗಬೇಕು, ಆಮೇಲೆ ಹುಳಿಯುತ್ತದೆ. ಹೊಸಪೇಟೆಯ ಒಗ್ಗರಣೆ-ಮಿರ್ಚಿ (ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ) ದೊಡ್ಡವರು ಬಿಡಬಾರದ್ದು. ಖಾರ ಮಾತ್ರ ಗಟ್ಟಿ, ಮಕ್ಕಳಿಗೆ ಮಿರ್ಚಿ ಬಿಟ್ಟು ಬರೀ ಮಂಡಕ್ಕಿ ಹೇಳಿ. ಊಟಕ್ಕೆ ರೊಟ್ಟಿಯ ಜೊತೆ ಮೊಸರು, ಬೇಳೆ ಪಲ್ಯ ಕೇಳಿದರೆ ಸಿಗುತ್ತದೆ.

ಬಾಳೆಹಣ್ಣು ಗಾಡಿಯೊಳಗೆ ಮಾತ್ರ. ಹೇಮಕೂಟದಲ್ಲೂ ದೇವಸ್ಥಾನದ ಸುತ್ತಲೂ ಕೋತಿಗಳು ಮಕ್ಕಳ ಕೈಯನ್ನೇ ನೋಡುತ್ತಿರುತ್ತವೆ. ಪ್ಲಾಸ್ಟಿಕ್ ಚೀಲದ ಸದ್ದಿಗೂ ಬರುತ್ತವೆ. ಕಿತ್ತುಕೊಂಡರೆ ಬಿಟ್ಟುಬಿಡಲು ಮಕ್ಕಳಿಗೆ ಮೊದಲೇ ಹೇಳಿ. ಪರಚಿದರೆ, ಕಚ್ಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಶುರು ಮಾಡಿಸಬೇಕು. ಬಿದ್ದ ಕಲ್ಲು ಎತ್ತಿ ನೋಡುವ ಆಟವೂ ಬೇಡ, ಅಡಿಯಲ್ಲಿ ಚೇಳು ಇರಬಹುದು.

ಮೇ ತಿಂಗಳ ಸಂಜೆ ದೂಳೆಬ್ಬಿಸಿ ಗಾಳಿ, ಗುಡುಗು, ಮಳೆ ದಿಢೀರನೆ ಬರುತ್ತದೆ. ಮೋಡ ಕಪ್ಪಾದ ಕೂಡಲೇ ಬಂಡೆಯಿಂದ ಇಳಿದು ಗಾಡಿ ಸೇರಿಕೊಳ್ಳಿ. ಹಳೆಯ ಮಂಟಪದಡಿ ನಿಲ್ಲುವುದು ಆಶ್ರಯವೆಂದು ತೋರುತ್ತದೆ, ಆದರೆ 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ಮುಂದಿನ ಸಾಲುಮಂಟಪದ ಒಂದು ಭಾಗವೇ ಕುಸಿದಿತ್ತು. ದಿನ ಗೊತ್ತು ಮಾಡುವಾಗ ಪಂಚಾಂಗವನ್ನೂ ನೋಡಿ. ಚೈತ್ರ ಹುಣ್ಣಿಮೆಯ ಆಸುಪಾಸು ಹಂಪಿಯ ಜೋಡಿ ರಥೋತ್ಸವ. ತೇರು ನೋಡಲು ಹೋಗುವವರಿಗೆ ಅದು ಹಬ್ಬ, ಪುಟ್ಟ ಮಕ್ಕಳೊಂದಿಗೆ ನೆಮ್ಮದಿಯಾಗಿ ತಿರುಗಾಡುವವರಿಗೆ ಅಲ್ಲ.

ಹಿಂತಿರುಗುವ ರೈಲು ಹೊಸಪೇಟೆಯಿಂದ ರಾತ್ರಿ ಒಂಬತ್ತರ ಹೊತ್ತಿಗೆ. ಕೋಣೆ ಖಾಲಿ ಮಾಡುವುದು ಹನ್ನೆರಡಕ್ಕೆ ಎಂದಾದರೆ ಮಕ್ಕಳೊಂದಿಗೆ ಒಂಬತ್ತು ಗಂಟೆ ಬೀದಿಯಲ್ಲಿ ಕಳೆಯಬೇಕಾಗುತ್ತದೆ, ಆದ್ದರಿಂದ ಸಂಜೆ ಆರರವರೆಗೆ ಕೋಣೆ ಇಟ್ಟುಕೊಳ್ಳುವ ಮಾತನ್ನು ಬುಕಿಂಗ್ ಹೊತ್ತಿಗೇ ಮುಗಿಸಿರಿ. ಸಾಮಾನು ಕಟ್ಟುವಾಗ ಸಾಕ್ಸ್ ಒಗೆಯದೆ ಬೇರೆ ಚೀಲಕ್ಕೆ ಹಾಕಿ, ಹಂಪಿಯ ಕೆಂಪು ದೂಳು ಉಳಿದ ಬಟ್ಟೆಗೆಲ್ಲ ಹಿಡಿಯುತ್ತದೆ.